ತೊಂಬತ್ತು ಸುತ್ತು

ಇಷ್ಟೆಲ್ಲ ಆದದ್ದು ಒಂದೇ ಒಂದು ಕ್ರಿಯಾಪದದಿಂದ. “ಮಾಡಬೇಕು ಅಂತಿದ್ದೀನಿ” ಎನ್ನಬೇಕಾದ ಕಡೆ ಪ್ರೂಫಪ್ಪನ ಬಾಯಿ ಜಾರಿ “ಮಾಡಿಟ್ಟಿದ್ದೀನಿ” ಎಂದುಬಿಟ್ಟಿತು.

ಮೂವತ್ತೆರಡು ವರ್ಷ ಅಚ್ಚುಕೂಟದಲ್ಲಿ ಕುಳಿತು ಕಂಡವರ ತಪ್ಪನ್ನೆಲ್ಲ ಕೆಂಪು ಶಾಯಿಯಲ್ಲಿ ತಿದ್ದಿದ ಮನುಷ್ಯ ಅವನು. ಎಲ್ಲಾದರೂ ಒಂದು ಒತ್ತಕ್ಷರ ಜಾರಿ ಬಿದ್ದಿದ್ದರೆ ಅದನ್ನು ಎತ್ತಿ ನಿಲ್ಲಿಸುವ ತನಕ ಅವನ ಗಂಟಲಲ್ಲಿ ನೀರಿಳಿಯದು. ಅಂಗಡಿಯ ಬೋರ್ಡು, ಔಷಧದ ಚೀಟಿ, ಬಸ್ಸಿನ ಹಿಂಬದಿ, ಯಾವುದನ್ನೂ ಬಿಟ್ಟವನಲ್ಲ. ಪ್ರೂಫ್ ರೀಡರ್ ಎಂಬ ಉದ್ದದ ಹುದ್ದೆಯನ್ನು ಬೀದಿಯವರೇ ಮೊಟಕು ಮಾಡಿ ಪ್ರೂಫಪ್ಪ ಎಂದು ಅಚ್ಚು ಹಾಕಿದ್ದರು. ಅಂಥವನಿಗೆ ಆ ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ತನ್ನ ಬಾಯಿಂದಲೇ ಹೊರಟ ತಪ್ಪನ್ನು ತಿದ್ದಿಕೊಳ್ಳಲಾಗಲಿಲ್ಲ. ಫೋನಿನ ಆ ಕಡೆ ಇದ್ದವಳು ಅಕ್ಕ.

“ಇವತ್ತು ಸಂಜೆ ಐದಕ್ಕೆ ನಿಮ್ಮನೆಗೆ ಬರ್ತಿದ್ದೀನಿ ಕಣೋ. ಇರ್ತೀಯ ತಾನೆ?” ಎಂದಿದ್ದಳು ಅಕ್ಕ.

“ಇರ್ದೆ ಎಲ್ಲಿಗೆ ಹೋಗ್ಲಿ? ಬಾ ಅಕ್ಕ.”

ಆಮೇಲೆ ಮೆಲ್ಲಗೆ, “ನಮ್ಮ ಆ ರೇಡಿಯೋ ನೆನಪಿದೆಯೇನೋ ನಿಂಗೆ?” ಎಂದಳು.

ಒಂಬತ್ತು ವರ್ಷದಿಂದ ಅಕ್ಕ ತಮ್ಮನ ನಡುವೆ ಯಾರೂ ಎತ್ತದೆ ಇದ್ದ ಮಾತು ಅದು. ಪ್ರೂಫಪ್ಪನ ಎದೆಯಲ್ಲಿ ಏನೋ ಬಿಸಿಯಾಗಿ ಕರಗಿತು. ಆ ಬಿಸಿಯಲ್ಲೇ ಹೇಳಿಬಿಟ್ಟ: “ನೆನಪೇನು ಬಂತು, ಅಂಥದ್ದೇ ಇನ್ನೊಂದು ಮಾಡಿಟ್ಟಿದ್ದೀನಿ! ಅದೇ ತೊಂಬತ್ತು ಸುತ್ತು! ಬಾ, ಕೇಳಿಸ್ತೀನಿ.”

ಆಡಿದ ಮಾತು, ಒಡೆದ ಮುತ್ತು. ಅಕ್ಕ “ಹೌದೇನೋ!” ಎಂದು ಫೋನ್ ಇಟ್ಟಳು.

ಆ ರೇಡಿಯೋದ ಕತೆ ಹೀಗೆ. ಪ್ರೂಫಪ್ಪನಿಗೆ ಆಗ ಹನ್ನೊಂದು ವರ್ಷ, ಅಕ್ಕನಿಗೆ ಹದಿನೆಂಟು. ಅಪ್ಪ ಬಟ್ಟೆ ಗಿರಣಿಯಲ್ಲಿ ಫಿಟ್ಟರು. ಗಿರಣಿಯವರು ಕೊಟ್ಟ ಸಾಲುಮನೆಗಳಲ್ಲಿ ಒಂದರ ಹಿಂಬದಿಯ ಕೋಣೆಯಲ್ಲಿ ಹುಡುಗ ಕಾಮಾಲೆ ಹಿಡಿದು ಮೂರು ತಿಂಗಳು ಮಲಗಿದ್ದ. ಓದಬಾರದು, ಓಡಬಾರದು, ಕಿಟಕಿಯಲ್ಲಿ ಕಾಣುವುದು ಪಕ್ಕದ ಮನೆಯ ಗೋಡೆ ಮಾತ್ರ. ಆಗ ಅಕ್ಕ ಎಲ್ಲಿಂದಲೋ ಒಂದು ಪತ್ರಿಕೆಯ ಹಾಳೆ ತಂದಳು. ವಿದ್ಯುತ್ತೂ ಬೇಡ, ಬ್ಯಾಟರಿಯೂ ಬೇಡ, ಗಾಳಿಯಲ್ಲಿ ತೇಲಿ ಬರುವ ದನಿಯನ್ನೇ ಹಿಡಿದು ಕೇಳಿಸುವ ಪುಟ್ಟ ರೇಡಿಯೋದ ಚಿತ್ರ ಅದರಲ್ಲಿತ್ತು. ಅದರ ಜೀವ ಇರುವುದೆಲ್ಲ ಕಾಯಿಲ್‌ನಲ್ಲಿ: ರಟ್ಟಿನ ಕೊಳವೆಯ ಮೇಲೆ ಅರಗು ಬಳಿದ ತಾಮ್ರದ ತಂತಿಯನ್ನು ಎಳೆಗೆ ಎಳೆ ತಾಗುವಂತೆ ತೊಂಬತ್ತು ಸಲ ಸುತ್ತಬೇಕು. ಅಪ್ಪ ನೂಲಿನ ಕೊಳವೆ ತಂದುಕೊಟ್ಟ, ಸುಟ್ಟ ಮೋಟಾರಿನಿಂದ ತಂತಿ ಬಿಚ್ಚಿಕೊಟ್ಟ. ಹುಡುಗ ಹಾಸಿಗೆಯಲ್ಲೇ ಕೂತು ಎಂಟು ದಿನ ಸುತ್ತಿದ. ಒಂಬತ್ತನೇ ದಿನ ಕಿವಿಗೆ ಇಟ್ಟುಕೊಂಡ ಇಯರ್‌ಫೋನಿನ ಗುಂಡಿಯೊಳಗಿಂದ ಯಾರೋ ಕೆಮ್ಮಿದರು, ಆಮೇಲೆ ಹಾಡಿದರು!

ಡಯೋಡು ಸುಟ್ಟು ಅದು ಮೂಕವಾಗುವ ತನಕ ಎರಡು ವರ್ಷ ಅವನು ರಾಜ. ದೊಡ್ಡವನಾಗಿ ಅವನ ಬದುಕಿನಲ್ಲಿ ಎಷ್ಟೋ ಸೋಲು ಬಂದವು, ಎಷ್ಟೋ ಬಡ್ತಿ ತಪ್ಪಿದವು. ಪ್ರತಿ ಸಲವೂ ಅವನು ತನಗೆ ತಾನೇ ಹೇಳಿಕೊಳ್ಳುತ್ತಿದ್ದದ್ದು ಒಂದೇ: “ಹನ್ನೊಂದನೇ ವಯಸ್ಸಿಗೆ ಗಾಳಿಯಿಂದ ಹಾಡು ಹಿಡಿದವನು ನಾನು.”

ಒಂಬತ್ತು ವರ್ಷದ ಹಿಂದೆ ಅಪ್ಪನ ಮನೆ ಖಾಲಿ ಮಾಡುವಾಗ ಆ ರೇಡಿಯೋದ ಪೆಟ್ಟಿಗೆ ಕಾಣಲಿಲ್ಲ. ಮನೆ ಗುಡಿಸಿ ಗಂಟು ಕಟ್ಟಿದವಳು ಅಕ್ಕ. “ಗುಜರಿಗೆ ಹಾಕಿದ್ಯಾ?” ಎಂದು ಇವನು ಕೇಳಿದ. “ಹಾಕಿದ್ರೆ ಏನೀಗ?” ಎಂದಳು ಅವಳು. ಅಷ್ಟೇ. ಅಂದಿನಿಂದ ಹುಟ್ಟು ಸಾವಿಗೆ ಮಾತ್ರ ಫೋನು.

ಈಗ ಅವಳು ಬರುತ್ತಿದ್ದಾಳೆ. ಮಂಚದ ಕೆಳಗಿನ ಡಬ್ಬದಲ್ಲಿ ತಂತಿಯ ಉರುಳೆ, ಡಯೋಡು, ಕಂಡೆನ್ಸರು, ಕಿವಿಗುಂಡಿ ಎಲ್ಲ ಇವೆ. ಆರು ತಿಂಗಳ ಹಿಂದೆಯೇ ತಂದು, ನಿವೃತ್ತಿಯಾದ ಮೇಲೆ ನಿಧಾನವಾಗಿ ಮಾಡೋಣವೆಂದು ಇಟ್ಟುಕೊಂಡದ್ದು. ಒಂಬತ್ತು ಗಂಟೆ ಸಮಯ, ತೊಂಬತ್ತು ಸುತ್ತು. ಗಂಟೆಗೆ ಹತ್ತು. ಬಸವನಹುಳುವೂ ಮಾಡೀತು.

ಮೊದಲು ಕೊಳವೆ ಬೇಕಿತ್ತು. ಸರಿಯಾದ ಗಾತ್ರದ ರಟ್ಟಿನ ಕೊಳವೆ ಇಡೀ ಮನೆಯಲ್ಲಿ ಒಂದೇ ಒಂದು ಸಿಕ್ಕಿತು. ಅದರ ಮೇಲೆ ಹೆಂಡತಿ ನಿನ್ನೆ ತಂದ ಅಲ್ಯೂಮಿನಿಯಂ ಹಾಳೆ ಸುತ್ತಿಕೊಂಡಿತ್ತು. ಪ್ರೂಫಪ್ಪ ಸದ್ದಿಲ್ಲದೆ ಬಿಚ್ಚತೊಡಗಿದ. ಬಿಚ್ಚಿದಷ್ಟೂ ಬಂತು. ಹೆಂಡತಿ ಸ್ನಾನ ಮುಗಿಸಿ ಬಂದಾಗ ಅಡುಗೆಮನೆಯ ನೆಲ, ಕಟ್ಟೆ, ಸ್ಟೂಲು ಎಲ್ಲ ಮಿರಮಿರ ಮಿನುಗುತ್ತಿದ್ದವು.

“ರೀ, ಇದೇನು, ಅಡುಗೆಮನೆಗೆ ಬೆಳ್ಳಿ ಹೊದಿಸ್ತಿದ್ದೀರಾ?”

“ಅಕ್ಕ ಬರ್ತಾಳೆ ಕಣೇ.”

“ಅಕ್ಕ ಬರೋದಕ್ಕೂ ಇದಕ್ಕೂ ಏನು ಸಂಬಂಧ?”

ಪ್ರೂಫಪ್ಪ ನಡೆದದ್ದನ್ನು ಹೇಳಿದ. ಹೆಂಡತಿ ಹಣೆ ಚಚ್ಚಿಕೊಂಡಳು. “ಪುಸ್ತಕದಲ್ಲಿ ಬೇರೆಯವರು ಬರೆದ ಸುಳ್ಳನ್ನೆಲ್ಲ ಹುಡುಕಿ ಹುಡುಕಿ ತೆಗೀತೀರ. ನಿಮ್ಮ ಬಾಯಲ್ಲಿರೋದು ಕಾಣಲ್ಲ” ಎಂದು ಹಾಳೆಯನ್ನು ಹಾಸಿಗೆಯ ಹಾಗೆ ಮಡಿಸತೊಡಗಿದಳು. ಕೊಳವೆಯನ್ನು ಮಾತ್ರ ಕಿತ್ತುಕೊಳ್ಳಲಿಲ್ಲ.

ಬೆಳಕು ಚೆನ್ನಾಗಿರುವುದೆಂದು ಪ್ರೂಫಪ್ಪ ಮನೆಯ ಬಾಗಿಲಲ್ಲಿ, ಮೆಟ್ಟಿಲಿಗೆ ಮುಖ ಮಾಡಿ ಕೂತ. ಅವನದು ಎರಡನೇ ಮಹಡಿ. ಒಂದನೆಯದರಲ್ಲಿ ಆಸ್ಪತ್ರೆಯ ನರ್ಸಮ್ಮ, ನೆಲಮಟ್ಟದಲ್ಲಿ ಮೀಟರ್ ರಾಯರು. ತಂತಿಯ ತುದಿಯನ್ನು ಅಂಟುಪಟ್ಟಿಯಿಂದ ಹಿಡಿಸಿ, ಎಡಗೈಯಲ್ಲಿ ಕೊಳವೆ ತಿರುಗಿಸುತ್ತ ಬಲಗೈಯಲ್ಲಿ ತಂತಿಯನ್ನು ಬಿಗಿಯಾಗಿ ಎಳೆದು ಹಿಡಿದ. ಒಂದು. ಎರಡು. ಮೂರು. ತಾಮ್ರದ ಎಳೆ ಎಳೆಯ ಪಕ್ಕ ಅಚ್ಚುಕಟ್ಟಾಗಿ ಮಲಗತೊಡಗಿತು. ಅರಗಿನ ಅದೇ ಹಳೆಯ ವಾಸನೆ. ಹಾಸಿಗೆಯ ಅಂಚಿನಲ್ಲಿ ಕೂತು “ಹದಿನೆಂಟು, ಹತ್ತೊಂಬತ್ತು, ನಿಧಾನ ಕಣೋ, ಬಿಗಿ ಬಿಡಬೇಡ” ಎನ್ನುತ್ತಿದ್ದ ಅಕ್ಕನ ದನಿ. ಪ್ರೂಫಪ್ಪನ ಕಣ್ಣಂಚು ಒದ್ದೆಯಾಯಿತು.

ಮೂವತ್ತೇಳನೇ ಸುತ್ತಿಗೆ ಮೀಟರ್ ರಾಯರು ಮೆಟ್ಟಿಲು ಹತ್ತಿ ಬಂದರು.

ರಾಯರು ವಿದ್ಯುತ್ ಕಚೇರಿಯಲ್ಲಿ ಮನೆಮನೆಯ ಮೀಟರು ಓದುವ ಕೆಲಸ ಮಾಡಿ ನಿವೃತ್ತರಾದವರು. ತಾಮ್ರ ಅಂದ ಮೇಲೆ ಕರೆಂಟು, ಕರೆಂಟು ಅಂದ ಮೇಲೆ ತಾವು, ಎಂಬುದು ಅವರ ನಂಬಿಕೆ.

“ಏನಿದು ಪ್ರೂಫಪ್ಪ, ಹೀಟರಾ?”

“ಮೂವತ್ತೇಳು” ಎಂದ ಪ್ರೂಫಪ್ಪ, ಲೆಕ್ಕ ತಪ್ಪದಿರಲೆಂದು.

“ಮೂವತ್ತೇಳು ಓಲ್ಟಾ? ಅದರಲ್ಲಿ ನೀರು ಬೆಚ್ಚಗೂ ಆಗಲ್ಲ. ನಮ್ಮ ಕಾಲದಲ್ಲಿ ಇನ್ನೂರ ಮೂವತ್ತು ಅಂದ್ರೆ ಇನ್ನೂರ ಮೂವತ್ತು. ಈಗ ಇನ್ನೂರಾ ಹತ್ತೂ ಬರಲ್ಲ. ನಾನು ಮೂವತ್ತಾರು ವರ್ಷ ಸರ್ವೀಸಲ್ಲಿ ನಲವತ್ತೆರಡು ಬೀದಿ ನೋಡ್ಕೊಂಡವನು. ದಿನಕ್ಕೆ ನೂರಾ ಹದಿನೈದು ಮನೆ…”

ರಾಯರು ಮಾತು ಮುಗಿಸಿ ಇಳಿದು ಹೋದಾಗ ಪ್ರೂಫಪ್ಪನ ತಲೆಯಲ್ಲಿ ಸಂಖ್ಯೆಗಳು ಸಂತೆ ನೆರೆದಿದ್ದವು. ಅದರಲ್ಲಿ ತನ್ನದು ಯಾವುದೆಂದು ತಿಳಿಯಲಿಲ್ಲ. ಉಗುರಿನಿಂದ ಒಂದೊಂದೇ ಎಳೆ ಮುಟ್ಟಿ ಎಣಿಸಿದ. ಒಮ್ಮೆ ಮೂವತ್ತೊಂಬತ್ತು ಬಂತು, ಇನ್ನೊಮ್ಮೆ ನಲವತ್ತೊಂದು. ಅನುಮಾನದ ಪಾಠ ಇಟ್ಟುಕೊಂಡು ಮುಂದೆ ಹೋಗುವ ಜಾಯಮಾನ ಅವನದಲ್ಲ. ಪೂರ್ತಿ ಬಿಚ್ಚಿ ಮೊದಲಿನಿಂದ ಶುರು ಮಾಡಿದ.

ಈ ಸಲ ಎಪ್ಪತ್ತೊಂದಕ್ಕೆ ಬಂದಿದ್ದ. ಒಳಗಿನಿಂದ ಹೆಂಡತಿ, “ರೀ, ನಿಮ್ಮಕ್ಕ ಕಾಫಿಗೆ ಸಕ್ಕರೆ ಹಾಕ್ಕೊತಾರಾ, ಬಿಟ್ಟಿದ್ದಾರಾ?” ಎಂದು ಕೂಗಿದಳು. ಒಂಬತ್ತು ವರ್ಷದಲ್ಲಿ ಅಕ್ಕ ಏನು ಬಿಟ್ಟಿದ್ದಾಳೆ, ಏನು ಇಟ್ಟುಕೊಂಡಿದ್ದಾಳೆ ಎಂಬುದು ತನಗೆ ಗೊತ್ತಿಲ್ಲವಲ್ಲ ಎಂದು ಅವನ ಮನಸ್ಸು ಒಂದು ಕ್ಷಣ ಚುಚ್ಚಿಕೊಂಡಿತು. ಆ ಒಂದು ಕ್ಷಣ ಸಾಕಾಯಿತು. ಬೆರಳು ಸಡಿಲಿತು. ಎಪ್ಪತ್ತೊಂದು ಸುತ್ತೂ ಒಟ್ಟಿಗೆ ರಜೆ ಸಿಕ್ಕ ಶಾಲೆಯ ಮಕ್ಕಳಂತೆ ಹಾರಿ ಹೊರಬಿದ್ದವು. ಮಡಿಲಲ್ಲಿದ್ದ ಉರುಳೆ ಜಿಗಿದು ಮೆಟ್ಟಿಲಿಗೆ ಬಿದ್ದು, ಟಣಟಣ ಎನ್ನುತ್ತ ಎರಡು ಮಹಡಿ ಇಳಿದು, ಕಂಬಿಗಳಿಗೆಲ್ಲ ತಂತಿಯ ಜೇಡರಬಲೆ ಕಟ್ಟಿ, ರಾಯರ ಹೊಸ್ತಿಲಲ್ಲಿ ಹೋಗಿ ನಿಂತಿತು.

ರಾತ್ರಿ ಪಾಳಿ ಮುಗಿಸಿ ಬಂದ ನರ್ಸಮ್ಮ ಆಗಷ್ಟೇ ಮೊದಲ ಮೆಟ್ಟಿಲಿಗೆ ಕಾಲೆತ್ತಿದ್ದಳು.

“ನಿಂತಲ್ಲೇ ನಿಲ್ಲಿ!” ರಾಯರ ಕೂಗಿಗೆ ಗೋಡೆ ನಡುಗಿತು. “ಬೋಳು ತಂತಿ! ಕರೆಂಟಿದೆ! ಯಾರೂ ಅಲ್ಲಾಡಬೇಡಿ!”

ನರ್ಸಮ್ಮ ಎತ್ತಿದ ಕಾಲನ್ನು ಇಳಿಸಲಾರದೆ, ಕೈಯಲ್ಲಿ ಊಟದ ಡಬ್ಬಿ ಹಿಡಿದು, ಮೀನಿಗೆ ಕಾದ ಕೊಕ್ಕರೆಯಂತೆ ನಿಂತಳು. ಪ್ರೂಫಪ್ಪ ಬರಿಗಾಲಲ್ಲಿ ದಡದಡ ಇಳಿದು ಬಂದ.

“ರಾಯರೇ, ಇದಕ್ಕೆ ಕರೆಂಟೇ ಇಲ್ಲ! ನೋಡಿ, ಮುಟ್ತೀನಿ.” ತಂತಿಯನ್ನು ಮುಷ್ಟಿಯಲ್ಲಿ ಹಿಡಿದು ಮುಂದಿನ ಮೆಟ್ಟಿಲಿಗೆ ಕಾಲಿಟ್ಟ. ಕಾಲಿನ ಹೆಬ್ಬೆರಳು ಮೆಟ್ಟಿಲಿನ ಅಂಚಿಗೆ ಬಡಿಯಿತು.

“ಅಯ್ಯಯ್ಯಯ್ಯಪ್ಪಾ!”

ಒಂಟಿ ಕಾಲಲ್ಲಿ ಕುಣಿದ, ಮೈಯೆಲ್ಲ ನಡುಗಿತು, ಬಾಯಿ ಸೊಟ್ಟಗಾಯಿತು. ತಂತಿ ಹಿಡಿದ ಮುಷ್ಟಿ ಮಾತ್ರ ಬಿಗಿಯಾಗೇ ಇತ್ತು. ಮೂವತ್ತಾರು ವರ್ಷದ ಸರ್ವೀಸಿನಲ್ಲಿ ರಾಯರು ಕಾದಿದ್ದ ಗಳಿಗೆ ಅದು. ನೆಲ ಒರೆಸುವ ಮರದ ಕೋಲನ್ನು ಎತ್ತಿ, ತರಬೇತಿಯಲ್ಲಿ ಹೇಳಿಕೊಟ್ಟ ಹಾಗೆ, ಪ್ರೂಫಪ್ಪನ ಕೈಯ ಮೇಲೆ ಬೀಸಿ ಬಾರಿಸಿದರು. ತಂತಿ ಬಿಟ್ಟುಹೋಯಿತು.

“ಬಿಟ್ಟ! ಬದುಕಿದ!” ಎಂದು ರಾಯರು ಆಕಾಶ ನೋಡಿದರು.

ನರ್ಸಮ್ಮ ಕಾಲು ಇಳಿಸಿ ಬಂದು ಪ್ರೂಫಪ್ಪನ ಕೈ ಹಿಡಿದು ತಿರುಗಿಸಿ ನೋಡಿದಳು. “ಮೂಳೆಗೇನೂ ಆಗಿಲ್ಲ. ಮೂರು ಬೆರಳು ಊದಿವೆ. ಎರಡು ದಿನ ಅಲ್ಲಾಡಿಸೋ ಹಾಗಿಲ್ಲ.” ಹೇಳಿದ್ದೇ ತಡ, ಬಲಗೈಯ ಮೂರು ಬೆರಳನ್ನೂ ಒಟ್ಟು ಸೇರಿಸಿ ಬ್ಯಾಂಡೇಜು ಸುತ್ತಿ ಕಟ್ಟಿಬಿಟ್ಟಳು. ತಂತಿ ಹಿಡಿಯುವ ಬೆರಳುಗಳೇ ಅವು.

ಪ್ರೂಫಪ್ಪ ಮೆಟ್ಟಿಲ ಮೇಲೆ ಕುಸಿದು ಕೂತ. ಅಕ್ಕ, ರೇಡಿಯೋ, ಕಾಮಾಲೆ, ಒಂಬತ್ತು ವರ್ಷ ಎಲ್ಲವನ್ನೂ ಒಂದರ ಹಿಂದೊಂದು ಹೇಳಿಕೊಂಡ. ರಾಯರು ಕೋಲನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು.

ನರ್ಸಮ್ಮ ಆಕಳಿಕೆ ನುಂಗಿ, “ಅಷ್ಟೇ ತಾನೆ ಅಣ್ಣ? ನಾನು ಸುತ್ತಿಕೊಡ್ತೀನಿ. ದಿನಾ ಸುತ್ತೋದೇ ನನ್ನ ಕೆಲಸ” ಎಂದಳು.

ಹೀಗೆ ಪ್ರೂಫಪ್ಪನ ಮನೆಯ ಜಗಲಿಯಲ್ಲಿ ಕಾರ್ಖಾನೆ ಶುರುವಾಯಿತು. ಕಂಬಿಗಳಿಂದ ತಂತಿ ಬಿಡಿಸಲು ಒಂದು ಗಂಟೆ ಹಿಡಿಯಿತು. ಆಮೇಲೆ ರಾಯರು ಉರುಳೆ ಹಿಡಿದು ಆ ತುದಿಗೆ ನಿಂತರು. ತಂತಿ ಬಿಗಿಯಾಗಿರಲೆಂದು ಒಂದೊಂದು ಸುತ್ತಿಗೆ ಒಂದೊಂದು ಗೇಣು ಮುಂದೆ ಬರಬೇಕು, ಅದು ಅವರ ಕೆಲಸ. ನರ್ಸಮ್ಮ ಈ ತುದಿಯಲ್ಲಿ ಕೊಳವೆ ತಿರುಗಿಸುವವಳು. ಹೆಂಡತಿ ತರಕಾರಿ ಹೆಚ್ಚುತ್ತ ಗಟ್ಟಿಯಾಗಿ ಎಣಿಸುವವಳು. ಪ್ರೂಫಪ್ಪ ಕಟ್ಟಿದ ಕೈಯನ್ನು ಎದೆಗೆ ಅವಚಿಕೊಂಡು ತಪ್ಪು ಹುಡುಕುವವನು.

ಮೊದಲ ತಪ್ಪು ಕೂಡಲೇ ಸಿಕ್ಕಿತು. ನರ್ಸಮ್ಮನ ಕೈ ಅಭ್ಯಾಸಬಲದಿಂದ ಒಂದು ಸುತ್ತಿನ ಅರ್ಧದ ಮೇಲೆ ಇನ್ನೊಂದನ್ನು ಏರಿಸುತ್ತಿತ್ತು.

“ಒಂದರ ಮೇಲೊಂದು ಬರಬಾರದು ತಾಯಿ. ಒಂದರ ಪಕ್ಕ ಒಂದು. ಸಾಲಲ್ಲಿ ಕೂತ ಅಕ್ಷರದ ಹಾಗೆ.”

“ಹಾಗೆ ಸುತ್ತಿದ್ರೆ ಗಾಯಕ್ಕೆ ಗಾಳಿ ಹೋಗಲ್ವಾ?”

“ಇದಕ್ಕೆ ಗಾಯ ಇಲ್ಲಮ್ಮ!”

ಆಮೇಲೆ ಹದ ಸಿಕ್ಕಿತು. ನರ್ಸಮ್ಮನ ಬೆರಳಿನ ಕೆಳಗೆ ತಾಮ್ರ ಬೆಳಗಿನ ಬಿಸಿಲನ್ನು ಹೀರಿಕೊಂಡು ಅಗಲವಾಗುತ್ತ ಹೋಯಿತು. ಹೆಂಡತಿಯ “ಇಪ್ಪತ್ತೆರಡು, ಇಪ್ಪತ್ಮೂರು” ಜಗಲಿಯಲ್ಲಿ ತೂಗುಯ್ಯಾಲೆಯಂತೆ ಆಡುತ್ತಿತ್ತು. ರಾಯರು ಕೂಡ ಮಾತು ಬಿಟ್ಟು, ಉಸಿರು ಹಿಡಿದು, ಮದುಮಗಳ ಹೆಜ್ಜೆ ಇಡುತ್ತಿದ್ದರು. ಗಿರಣಿಯ ಆ ಸಾಲುಮನೆಯಲ್ಲೂ ಹೀಗೆಯೇ ಇತ್ತು. ಅಪ್ಪ ಕೆಲಸದಿಂದ ಬಂದವನು ಬಾಗಿಲಲ್ಲೇ ನಿಂತು ಎಣಿಕೆ ಮುಗಿಯುವ ತನಕ ಚಪ್ಪಲಿ ಬಿಡುತ್ತಿರಲಿಲ್ಲ. ಒಂದು ಸಣ್ಣ ವಸ್ತುವಿನ ಸುತ್ತ ಇಡೀ ಮನೆ ಉಸಿರು ಹಿಡಿದು ಕೂತದ್ದನ್ನು ಪ್ರೂಫಪ್ಪ ಎಷ್ಟೋ ವರ್ಷದಿಂದ ಕಂಡಿರಲಿಲ್ಲ.

ನಲವತ್ತೈದಕ್ಕೆ ನರ್ಸಮ್ಮನ ತಲೆ ತೂಗತೊಡಗಿತು. ತುದಿಗೆ ಅಂಟುಪಟ್ಟಿ ಹಾಕಿ, “ಸಂಜೆ ಬಂದು ಕೇಳ್ತೀನಿ ಅಣ್ಣ” ಎಂದು ಮಲಗಲು ಹೋದಳು. ಊಟವಾದ ಮೇಲೆ ಮಿಕ್ಕ ಅರ್ಧಕ್ಕೆ ಹೆಂಡತಿ ಕೂತಳು. ಮಧ್ಯಾಹ್ನದ ಬಿಸಿಲು ಕಣ್ಣಿಗೆ ಬೀಳುತ್ತದೆಂದು ನರ್ಸಮ್ಮ ಕೂತಿದ್ದ ಕಡೆ ಬಿಟ್ಟು ಎದುರಿನ ಮಗ್ಗುಲಿಗೆ ಕೂತಳು. ಆ ಮಗ್ಗುಲಿಗೆ ಕೂತು ತನ್ನ ಕಡೆಗೆ ತಿರುಗಿಸಿದರೆ ಸುತ್ತು ಹಿಂದುಮುಂದಾಗುತ್ತದೆ, ಮೊದಲ ನಲವತ್ತೈದು ಕಟ್ಟಿದ್ದನ್ನು ಮುಂದಿನ ನಲವತ್ತೈದು ಅಳಿಸುತ್ತ ಹೋಗುತ್ತದೆ ಎಂಬುದು ಅಲ್ಲಿದ್ದ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಪ್ರತಿ ಎಳೆಯನ್ನೂ ಕನ್ನಡಕ ಏರಿಸಿ ಪರೀಕ್ಷಿಸಿದ ಪ್ರೂಫಪ್ಪನಿಗೂ ಹೊಳೆಯಲಿಲ್ಲ. ಅಕ್ಷರ ಅಕ್ಷರ ನೋಡುವವನಿಗೆ ವಾಕ್ಯ ತಪ್ಪಿದ್ದು ಕಾಣದು.

ಮೂರು ಗಂಟೆಗೆ “ತೊಂಬತ್ತು!” ಎಂದಳು ಹೆಂಡತಿ. ಅವಳೂ ರಾಯರೂ ಚಪ್ಪಾಳೆ ತಟ್ಟಿದರು. ಪ್ರೂಫಪ್ಪ ಒಂದೇ ಕೈಯಲ್ಲಿ ತೊಡೆ ತಟ್ಟಿಕೊಂಡ. ಬ್ಲೇಡಿನಿಂದ ತುದಿಯ ಅರಗು ಕೆರೆದು ಹಲಗೆಯ ಮೇಲೆ ಎಲ್ಲವನ್ನೂ ಜೋಡಿಸಿದರು. ಏರಿಯಲ್ಲೆಂದು ಒಂದು ತಂತಿ ತಾರಸಿಯ ಬಟ್ಟೆ ಹಗ್ಗಕ್ಕೆ, ಅರ್ತಿಂಗ್ ಎಂದು ಒಂದು ತಂತಿ ನಲ್ಲಿಗೆ. ಪ್ರೂಫಪ್ಪ ಕಣ್ಣು ಮುಚ್ಚಿ ಗುಂಡಿಯನ್ನು ಕಿವಿಗಿಟ್ಟುಕೊಂಡ.

“ಬಂತಾ?” ಎಂದರು ರಾಯರು.

ಬರಲಿಲ್ಲ. ಸ್ಟೇಷನ್ ಹುಡುಕುವ ಕಂಡೆನ್ಸರನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿದ. ಡಯೋಡು ತಿರುವಿ ಹಾಕಿದ. ನಲ್ಲಿ ಉಜ್ಜಿದ. ನಾಲ್ಕು ಗಂಟೆಯ ತನಕ ಕಿವಿಯಲ್ಲಿ ಕೇಳಿದ್ದು ತನ್ನದೇ ಎದೆಯ ಡವಡವ ಮಾತ್ರ. ಇಂಗು ತಿಂದ ಮಂಗನ ಮುಖ ಮಾಡಿಕೊಂಡು ಗುಂಡಿಯನ್ನು ಮೇಜಿನ ಮೇಲಿಟ್ಟ.

“ಅಕ್ಕಂಗೆ ನಿಜ ಹೇಳಿಬಿಡ್ತೀನಿ” ಎಂದ.

ರಾಯರಿಗೆ ಆ ಮುಖ ನೋಡಲಾಗಲಿಲ್ಲ. ಆ ಮುಖದ ಕೆಳಗಿನ ಕೈಯನ್ನಂತೂ ನೋಡಲೇ ಆಗಲಿಲ್ಲ. ತುಸು ಹತ್ತಿರ ಸರಿದು, “ನನ್ನ ಹತ್ರ ಒಂದು ಪಾಕೆಟ್ ಟ್ರಾನ್ಸಿಸ್ಟರ್ ಇದೆ” ಎಂದರು. “ಅದರ ತಂತೀನ ಜಮಖಾನದ ಕೆಳಗೆ ಎಳೆದು ನಿಮ್ಮ ಗುಂಡಿಗೆ ಸೇರಿಸಿದ್ರೆ ಯಾರಿಗೆ ಗೊತ್ತಾಗತ್ತೆ?”

“ಮೋಸ!” ಎಂದ ಪ್ರೂಫಪ್ಪ.

“ಮೋಸ ಅಂದ್ರೆ ಮೋಸ. ಬೇಡ ಬಿಡಿ” ಎಂದರು ರಾಯರು.

ಪ್ರೂಫಪ್ಪ ಗಡಿಯಾರ ನೋಡಿದ, ನಾಲ್ಕೂಕಾಲು.

“ಜಮಖಾನ ಆ ಕಡೆ ಸ್ವಲ್ಪ ಸಾಲದು” ಎಂದ ಪ್ರೂಫಪ್ಪ. ಹೆಂಡತಿ ಒಳಗಿನಿಂದ ಇನ್ನೊಂದು ಜಮಖಾನ ತಂದು ಹಾಸಿದಳು.

ಒಂದೇ ತೊಡಕು. ಆ ಟ್ರಾನ್ಸಿಸ್ಟರಿನ ಬ್ಯಾಟರಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿಯದಿದ್ದರೆ ಅದು ಉಸಿರೇ ಎತ್ತುತ್ತಿರಲಿಲ್ಲ. ಆದ್ದರಿಂದ ರಾಯರು ಮಲಗುವ ಕೋಣೆಯ ಪರದೆಯ ಹಿಂದೆ ಸ್ಟೂಲು ಹಾಕಿಕೊಂಡು ಕೂತರು.

ಅಕ್ಕ ಸರಿಯಾಗಿ ಐದಕ್ಕೆ ಬಂದಳು. ತಲೆ ಪೂರ್ತಿ ಬೆಳ್ಳಗಾಗಿತ್ತು, ಮೆಟ್ಟಿಲು ಹತ್ತಿ ಏದುಸಿರು ಬರುತ್ತಿತ್ತು. ತಮ್ಮನ ಕೈ ನೋಡಿ “ಇದೇನೋ?” ಎಂದಳು. “ಏನಿಲ್ಲ ಅಕ್ಕ, ಬಾಗಿಲಿಗೆ ಸಿಕ್ಕಿತು” ಎಂದ. ದಿನದ ಎರಡನೇ ಸುಳ್ಳು ಮೊದಲಿನದಕ್ಕಿಂತ ಸಲೀಸಾಗಿ ಬಂತು. ಹೆಂಡತಿ ಕುಶಲ ವಿಚಾರಿಸಿ, ಸಕ್ಕರೆಯ ವಿಷಯವನ್ನು ತಾನೇ ಕೇಳಿಕೊಂಡು ಅಡುಗೆಮನೆಗೆ ಹೋದಳು.

ಅಕ್ಕ ಮೇಜಿನ ಮುಂದೆ ಕೂತು ಕಾಯಿಲ್‌ನ ಮೇಲೆ ಬೆರಳಾಡಿಸಿದಳು. ಎಷ್ಟೋ ದಿನದ ಮೇಲೆ ಸಿಕ್ಕ ಮಗುವಿನ ತಲೆ ಸವರುವಂತೆ ಸವರಿದಳು. ಗುಂಡಿಯನ್ನು ಕಿವಿಗಿಟ್ಟುಕೊಂಡಳು. ಪ್ರೂಫಪ್ಪ ಕೆಮ್ಮಿದ, ಅದು ರಾಯರಿಗೆ ಸಂಜ್ಞೆ.

ಅಕ್ಕನ ಮುಖ ಅರಳಿತು. “ಕೇಳ್ತಿದೆ ಕಣೋ! ಹಳೇ ಹಾಡು!”

ಹೊಟ್ಟೆಗೆ ಹಾಲು ಹೊಯ್ದಂತಾಯಿತು ಪ್ರೂಫಪ್ಪನಿಗೆ. ಆ ಸಂತೋಷದಲ್ಲಿ ಅವನು ಕಂಡೆನ್ಸರನ್ನು ತಿರುಗಿಸಲು ಮರೆತ. ಪರದೆಯ ಹಿಂದೆ ರಾಯರು ಮಾತ್ರ, ಈಗ ತಿರುಗಿಸಿರುತ್ತಾನೆಂದು ಎಣಿಸಿ, ಸ್ಟೇಷನ್ ಬದಲಿಸಿದರು.

“ಹವಾಮಾನ ಹೇಳ್ತಿದ್ದಾರೆ” ಎಂದಳು ಅಕ್ಕ, ಯಾರೂ ಮುಟ್ಟದ ಕಂಡೆನ್ಸರನ್ನು ನೋಡುತ್ತ.

ಆಮೇಲೆ ಅವಳು ಒಂದು ಕೆಲಸ ಮಾಡಿದಳು. ತಾರಸಿಯಿಂದ ಬಂದ ತಂತಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಕಿತ್ತಳು. ತಲೆದೂಗುತ್ತ ಕೇಳುತ್ತಲೇ ಇದ್ದಳು. ನಲ್ಲಿಗೆ ಹೋದ ತಂತಿಯನ್ನೂ ಕಿತ್ತಳು. ಕೊನೆಗೆ ಹಲಗೆಯಿಂದ ಕಾಯಿಲ್ಲನ್ನೇ ಬಿಡಿಸಿ ಮಡಿಲಲ್ಲಿಟ್ಟುಕೊಂಡು, ಗುಂಡಿಯನ್ನು ತಮ್ಮನ ಕಿವಿಗೆ ಹಿಡಿದಳು. ಹವಾಮಾನ ಸ್ಪಷ್ಟವಾಗಿ ಕೇಳುತ್ತಿತ್ತು. ಸಂಜೆ ಗುಡುಗಿನ ಸಂಭವವಿತ್ತು.

ಪ್ರೂಫಪ್ಪ ತಲೆ ತಗ್ಗಿಸಿದ. “ಅಕ್ಕ, ಅದು…”

“ನಂಗೊತ್ತು ಕಣೋ. ಈ ಮೋಸ ನಂದೇ.”

“ಏನು?”

“ನಿನ್ನ ಆವತ್ತಿನ ರೇಡಿಯೋ ಭಾನುವಾರ ಮಧ್ಯಾಹ್ನ ಮಾತ್ರ ಯಾಕೆ ಬರ್ತಿರ್ಲಿಲ್ಲ, ಹೇಳು?”

“ಬಿಸಿಲಿಗೆ ಅಲೆ ತೆಳ್ಳಗಾಗ್ತಿತ್ತು” ಎಂದ ಪ್ರೂಫಪ್ಪ. ನಲವತ್ತಾರು ವರ್ಷದಿಂದ ಅವನು ನಂಬಿದ್ದ ವಿಜ್ಞಾನ ಅದು.

“ಪಕ್ಕದ ಮನೆ ಮೇಸ್ತ್ರಿ ಊಟ ಮಾಡಿ ರೇಡಿಯೋ ಆರಿಸಿ ಮಲಗ್ತಿದ್ರು. ಏರಿಯಲ್ಲು ಅಂತ ಗೋಡೆ ತೂತಿಂದ ಆಚೆ ಬಿಟ್ಟಿದ್ವಲ್ಲ ಎರಡು ತಂತಿ, ಅವು ಹೋಗ್ತಿದ್ದದ್ದು ಅವರ ದೊಡ್ಡ ರೇಡಿಯೋಗೆ.” ಅಕ್ಕ ಕಾಯಿಲ್ಲನ್ನು ಮಡಿಲಲ್ಲಿ ತಿರುಗಿಸಿದಳು. “ನೀನು ಎಂಟು ದಿನ ಕೂತು ಸುತ್ತಿದ್ದೆ. ಎಂಟನೇ ದಿನ ಗುಂಡಿ ಕಿವಿಗಿಟ್ಕೊಂಡು, ಏನೂ ಕೇಳ್ದೆ, ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟೆ. ಊಟ ಬಿಟ್ಟೆ. ನಾನು ಮೇಸ್ತ್ರಿ ಹೆಂಡ್ತಿ ಹತ್ರ ಹೋಗಿ ಕೇಳ್ಕೊಂಡೆ. ಅವರ ಮೂರು ಮಕ್ಕಳಿಗೂ ಸ್ವೆಟರ್ ಹೆಣೆದುಕೊಟ್ಟೆ.”

“ಆಮೇಲೆ ಡಯೋಡು ಸುಟ್ಟುಹೋಯ್ತಲ್ಲ…”

“ಸುಟ್ಟಿರ್ಲಿಲ್ಲ. ಮೇಸ್ತ್ರಿಗೆ ವರ್ಗ ಆಯ್ತು.”

ಪ್ರೂಫಪ್ಪ ಕುರ್ಚಿಯ ಮೇಲೆ ನಿಧಾನವಾಗಿ ಕೂತ. ತನ್ನ ಬಾಳಿನ ಮೊದಲ ಪುಟದಲ್ಲೇ ಅಷ್ಟು ದೊಡ್ಡ ಅಚ್ಚಿನ ತಪ್ಪೊಂದು ಇಷ್ಟು ವರ್ಷ ಕಣ್ಣಿಗೆ ಬೀಳದೆ ಕೂತಿತ್ತಲ್ಲ! ಮೊದಲು ಸಿಟ್ಟು ಬಂತು. ಸಿಟ್ಟಿನ ಹಿಂದೆ, ಹದಿನೆಂಟು ವರ್ಷದ ಹುಡುಗಿಯೊಬ್ಬಳು ಮಂಚದ ಕೆಳಗೆ ತೂರಿ ಗೋಡೆಯ ತೂತಿಗೆ ತಂತಿ ಪೋಣಿಸುವುದು ಕಂಡಿತು. ಸಿಟ್ಟು ಇಳಿದುಹೋಯಿತು.

“ಹಾಗಾದ್ರೆ ಆ ಪೆಟ್ಟಿಗೆ…”

“ಹೌದು, ನಾನೇ ಗುಜರಿಗೆ ಹಾಕಿದ್ದು. ನಿನ್ನ ಕೈಗೆ ಸಿಕ್ಕಿದ್ರೆ ಬಿಚ್ಚಿ ನೋಡ್ತಿದ್ದೆ. ಕಾಯಿಲ್‌ನ ಎರಡು ತುದೀನೂ ಎಲ್ಲೂ ಸೇರಿರ್ಲಿಲ್ಲ.” ಅಕ್ಕ ಸೆರಗಿನಿಂದ ಕಣ್ಣೊತ್ತಿಕೊಂಡಳು. “ನನ್ನ ಮೇಲೆ ನಿಂಗೆ ಸಿಟ್ಟಿದ್ರೂ ಇರ್ಲಿ, ಆ ರೇಡಿಯೋ ಮೇಲೆ ಬರೋದು ಬೇಡ ಅನ್ನಿಸ್ತು. ಇವತ್ತು ಹೇಳಿಬಿಡೋಣ ಅಂತಲೇ ಫೋನ್ ಮಾಡಿದೆ. ನೀನು ನೋಡಿದ್ರೆ ಮಾಡಿಟ್ಟಿದ್ದೀನಿ ಅಂದೆ. ಸರಿ, ನಿಜವಾಗ್ಲೂ ಕಲ್ತುಬಿಟ್ಟಿದ್ದಾನೆ, ಇನ್ನು ಹೇಳೋದೇ ಬೇಡ ಅಂತ ಬಂದೆ ಕಣೋ!”

ಪರದೆಯ ಹಿಂದಿನಿಂದ ಸೊರ್ ಎಂದು ಮೂಗೆಳೆದ ಸದ್ದು ಬಂತು. ಹವಾಮಾನ ತಟ್ಟನೆ ನಿಂತಿತು.

“ಯಾರದು?” ಎಂದಳು ಅಕ್ಕ.

ರಾಯರು ಒದ್ದೆ ಕಣ್ಣಲ್ಲಿ ಪರದೆ ಸರಿಸಿ, “ನಾನು… ಮೀಟರ್ ನೋಡೋಕೆ ಬಂದಿದ್ದೆ” ಎಂದರು.

ಅಕ್ಕ ಅವರನ್ನು ನೋಡಿದಳು, ಅವರ ಕೈಯಲ್ಲಿದ್ದ ಟ್ರಾನ್ಸಿಸ್ಟರನ್ನು ನೋಡಿದಳು, ತಮ್ಮನನ್ನು ನೋಡಿದಳು. ಮೊದಲು ಅವಳು ನಕ್ಕಳೋ ಅವನು ನಕ್ಕನೋ ಹೇಳುವುದು ಕಷ್ಟ. ಒಂಬತ್ತು ವರ್ಷದ ನಗು ಒಟ್ಟಿಗೆ ಬಂತು. ಕಾಫಿ ತಂದ ಹೆಂಡತಿ ಬಾಗಿಲಲ್ಲೇ ನಿಂತಳು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. “ಅಣ್ಣ, ಮಾತಾಡ್ತಾ ನಮ್ಮ ಕಾಯಿಲ್ಲು?” ನರ್ಸಮ್ಮನ ದನಿ. ತನ್ನ ಊಟ ನಿದ್ದೆ ಬಿಟ್ಟು ಸುತ್ತಿದವಳಿಗೆ ಏನೆಂದು ಹೇಳುವುದು? ರಾಯರು ಒಂದೇ ನೆಗೆತಕ್ಕೆ ಪರದೆಯ ಹಿಂದೆ ಹೋಗಿ ಹೆಬ್ಬೆರಳು ಒತ್ತಿದರು. ಅಕ್ಕ ಕಾಯಿಲ್ಲನ್ನು ಹಲಗೆಯ ಮೇಲೆ ಕೂರಿಸಿದಳು.

ನರ್ಸಮ್ಮ ಗುಂಡಿಯನ್ನು ಕಿವಿಗಿಟ್ಟುಕೊಂಡು ಕುಣಿದಾಡಿಬಿಟ್ಟಳು. “ಬ್ಯಾಟರಿ ಇಲ್ದೆ! ಕರೆಂಟ್ ಇಲ್ದೆ! ಅಣ್ಣ, ನಮ್ಮ ವಾರ್ಡಲ್ಲಿ ತಿಂಗಳುಗಟ್ಲೆ ಮಲಗಿರೋರು ಇದ್ದಾರೆ, ಗೋಡೆ ನೋಡ್ಕೊಂಡು. ಹಾಸಿಗೆಗೆ ಒಂದರ ಹಾಗೆ ಹತ್ತು ಮಾಡಿಕೊಡ್ತೀರಾ? ದೊಡ್ಡ ಡಾಕ್ಟರಿಗೆ ನಾನೇ ಹೇಳ್ತೀನಿ.”

ಪ್ರೂಫಪ್ಪ ಬಾಯಿ ತೆರೆದ. ಆದರೆ ಗೋಡೆ ನೋಡಿಕೊಂಡು ಮಲಗಿದವರೆಂಬ ಮಾತು ಅಕ್ಕನ ಕಿವಿಗೆ ಮೊದಲು ಬಿದ್ದಿತ್ತು.

“ಹತ್ಯಾಕಮ್ಮ, ಹನ್ನೆರಡು ಮಾಡಿಕೊಡ್ತಾನೆ” ಎಂದಳು ಅಕ್ಕ, ತಮ್ಮನ ಬೆನ್ನು ತಟ್ಟುತ್ತ. “ನನ್ನ ತಮ್ಮ ಹನ್ನೊಂದನೇ ವಯಸ್ಸಿಗೇ ಮಾಡಿದವನು.”

ನರ್ಸಮ್ಮ ಆಗಲೇ ಡಾಕ್ಟರಿಗೆ ಫೋನ್ ಮಾಡುತ್ತ ಮೆಟ್ಟಿಲಿಳಿಯುತ್ತಿದ್ದಳು. ಅವಳ ಸದ್ದು ಅಡಗುವ ತನಕ ಕಾದು ಪ್ರೂಫಪ್ಪ ಅಕ್ಕನ ಕಿವಿಯ ಹತ್ತಿರ ಬಾಗಿದ.

“ಅಕ್ಕ, ರೇಡಿಯೋ ಹೇಗೋ ಮಾಡ್ತೀನಿ. ಹನ್ನೆರಡು ಜನ ರಾಯರನ್ನ ಎಲ್ಲಿಂದ ತರ್ಲಿ?”